ಕೇಳಿ ನೋಡೋಣ: ಹಿತ್ತಲಿಗೆ ಕಲ್ಲು ಹಾಸೋ ತಾಪತ್ರಯ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಿತ್ತಲಿಂದೇ. ಮಳೆ ಶುರುವಾಗೋಕ್ಮುಂಚೆ ಕಲ್ಲು ಹಾಕ್ಸಿಬಿಡೋಣ ಅಂತ ಎಲ್ರಿಗೂ ಏಪ್ರಿಲ್ ಮೇ ತಿಂಗಳಲ್ಲೇ ಒಟ್ಟಿಗೆ ಅನ್ಸತ್ತೆ, ಆಗ ಮೇಸ್ತ್ರಿಗಳು ಫೋನೇ ಎತ್ತಲ್ಲ, ಅದು ಬೇರೆ ವಿಷ್ಯ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸಾರ್, ನಮ್ದು ತುಮಕೂರು. ಮನೆ ಹಿಂದೆ 20 ಅಡಿಗೆ 15 ಅಡಿ ಜಾಗ ಇದೆ. ಮನೆ ಕಟ್ಟಿಸ್ದಾಗ್ಲೇ ಅಲ್ಲಿ ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಹಾಕ್ಸಿದ್ವಿ, ಒಂದೇ ಮಳೆಗಾಲಕ್ಕೆ ಗೋಡೆ ಪಕ್ಕ ಕುಸಿದು ಅಲ್ಲೇ ನೀರು ನಿಲ್ತಿದೆ, ಅಡುಗೆಮನೆ ಗೋಡೆಗೆ ಒಳಗಡೆಯಿಂದ ಬಣ್ಣ ಉದುರ್ತಿದೆ. ಎಲ್ಲಾ ಕಿತ್ತು ಸಾದರಹಳ್ಳಿ ಗ್ರಾನೈಟ್ ಕಲ್ಲು ಹಾಕ್ಸೋಣ ಅಂತಾರೆ ನಮ್ಮನೆಯವ್ರು. ಕಾಂಕ್ರೀಟ್ ಸುರಿಸಿಬಿಡಿ, ತಲೆನೋವೇ ಇಲ್ಲ ಅಂತಾನೆ ಮೇಸ್ತ್ರಿ. ಬಹಳ ವರ್ಷ ಬಾಳಿಕೆ ಬರೋದು ಯಾವ್ದು ಹೇಳಿ.

ಉತ್ತರ: ನೋಡಮ್ಮ, ನಿಮ್ಮನೆಯವ್ರೂ ಮೇಸ್ತ್ರೀನೂ ಇಬ್ರೂ ಮೇಲ್ಗಡೆ ಏನು ಹಾಕೋದು ಅಂತ ಜಗಳ ಆಡ್ತಿದಾರೆ, ನಿಮ್ಮಲ್ಲಿ ಕೆಟ್ಟಿರೋದು ಕೆಳಗಡೆ. ಈಗಿರೋ ನೆಲದ ಮೇಲೆ ಗ್ರಾನೈಟ್ ಹಾಕಿದ್ರೂ ಕುಸಿಯತ್ತೆ, ಕಾಂಕ್ರೀಟ್ ಹಾಕಿದ್ರೆ ಬಿರುಕು ಬಿಡತ್ತೆ, ಅಷ್ಟೇ ವ್ಯತ್ಯಾಸ.

ಗೋಡೆ ಪಕ್ಕಾನೇ ಯಾಕೆ ಕುಸೀತು ಅಂತ ಯೋಚ್ನೆ ಮಾಡಿ. ಪಾಯ ತೋಡುವಾಗ ಗೋಡೆಯಿಂದಾಚೆಗೂ ಎರಡು ಮೂರು ಅಡಿ ಅಗಲಕ್ಕೆ ಮಣ್ಣು ತೆಗೀತಾರೆ, ಕೆಲಸ ಆದ್ಮೇಲೆ ಅದೇ ಮಣ್ಣನ್ನ ವಾಪಸ್ ತಳ್ತಾರೆ, ಅದರ ಜೊತೆ ಇಟ್ಟಿಗೆ ಚೂರು, ಹರಿದ ಸಿಮೆಂಟ್ ಚೀಲ, ಒಣಗಿದ ಗಾರೆ ಉಂಡೆ, ಸೆಂಟ್ರಿಂಗ್ ಹಲಗೆ ತುಂಡು ಎಲ್ಲಾ ಹೋಗತ್ತೆ. ನೀರು ಹಾಕಿ ಪದರ ಪದರವಾಗಿ ದಿಮ್ಮಿಸಿರೋರು ನೂರಕ್ಕೊಬ್ರು ಸಿಕ್ಕಿದ್ರೆ ನಿಮ್ಮ ಅದೃಷ್ಟ. ಅಂಥ ಮಣ್ಣು ಒಂದೆರಡು ಮಳೆಗಾಲ ನೀರು ಕುಡಿದು ತಾನಾಗೇ ಕೆಳಗಿಳಿಯತ್ತೆ, ಮೇಲಿರೋದೂ ಅದರ ಜೊತೆ ಇಳಿಯತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ನಾಲ್ಕು ಬ್ಲಾಕ್ ಎತ್ತಿ ಒಂದು ಕಬ್ಬಿಣದ ಸರಳು ತಗೊಂಡು ಗೋಡೆ ಪಕ್ಕ ಚುಚ್ಚಿ ನೋಡಿ, ಆಮೇಲೆ ಕಾಂಪೌಂಡ್ ಕಡೆ ಚುಚ್ಚಿ ನೋಡಿ. ಒಂದು ಕಡೆ ಮೊಳದುದ್ದ ಸಲೀಸಾಗಿ ಹೋಗತ್ತೆ, ಇನ್ನೊಂದು ಕಡೆ ಗೇಣುದ್ದ ಹೋಗೋಕೂ ಕಷ್ಟಪಡತ್ತೆ.

ಹಾಗಾಗಿ ಮೊದಲ ಕೆಲಸ, ಗೋಡೆ ಪಕ್ಕದ ಆ ಪಟ್ಟೀನ ಗಟ್ಟಿ ಮಣ್ಣು ಸಿಗೋವರೆಗೂ ತೆಗೆಸಿ ಕಸ ಆರಿಸಿ, ನಾಲ್ಕು ನಾಲ್ಕಿಂಚಿನ ಪದರದಲ್ಲಿ ತುಂಬಿಸಿ ದಿಮ್ಮಿಸೋದು. ಗಟ್ಟಿ ಮಣ್ಣು ಅಂತ ಪಾಯದ ತಳಕ್ಕಿಂತ ಕೆಳಗೆ ಹೋಗ್ಬೇಡಿ ಮತ್ತೆ. ಒಂದೇ ಸಲ ಎರಡಡಿ ಮಣ್ಣು ಹಾಕಿ ಮೇಲೆ ಮಷೀನ್ ಓಡಿಸಿದ್ರೆ ಮೇಲಿನ ಒಂದು ಗೇಣು ಮಾತ್ರ ಗಟ್ಟಿಯಾಗತ್ತೆ, ಕೆಳಗೆ ಹಂಗೇ ಪೊಳ್ಳು. ಮಣ್ಣು ಎಷ್ಟು ತೇವ ಇರ್ಬೇಕು ಅಂದ್ರೆ ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು, ಕೈಗೆ ಮೆತ್ಕೋಬಾರ್ದು. ಪ್ಲೇಟ್ ಕಾಂಪ್ಯಾಕ್ಟರ್ ಅಂತ ದಿಮ್ಮಿಸೋ ಮಷೀನು ದಿನದ ಬಾಡಿಗೆಗೆ ಸಿಗತ್ತೆ, ದಯವಿಟ್ಟು ಅದನ್ನ ತರಿಸಿ, ಇಬ್ರು ಹುಡುಗ್ರು ಮರದ ಕೊರಡು ಹಿಡ್ಕೊಂಡು ಕುಟ್ಟಿದ್ದು 300 ಚದರಡಿಗೆ ಸಾಲಲ್ಲ.

ಇನ್ನು ಮಟ್ಟ. ಇಲ್ಲೇ ಮುಕ್ಕಾಲು ಜನ ಎಡವೋದು. ಹಿತ್ತಲಿನ ಮೇಲ್ಮೈ ಮನೆ ಒಳಗಿನ ನೆಲಕ್ಕಿಂತ ಕಮ್ಮಿ ಅಂದ್ರೂ ಆರಿಂಚು ಕೆಳಗಿರ್ಬೇಕು. ನಿಮ್ಮನೇಲಿ ಬಣ್ಣ ಉದುರ್ತಿರೋದಕ್ಕೆ ಬಹುಶಃ ಇದೇ ಕಾರಣ, ಪ್ಲಿಂತ್ (ಮನೆ ನೆಲದ ಕೆಳಗಿನ, ಪಾಯದ ಮೇಲ್ಭಾಗ) ಮುಚ್ಚೋ ಹಾಗೆ ಇಂಟರ್‌ಲಾಕ್ ಎತ್ತರಿಸಿ ಕೂರಿಸಿರ್ತಾರೆ, ಮೇಲಿಂದ ಅಲ್ಲೇ ನೀರು ಬೇರೆ ನಿಲ್ಲತ್ತೆ, ಗೋಡೆ ಕುಡೀತಾ ಕೂತಿರತ್ತೆ. ಇಳಿಜಾರು ಅಡಿಗೆ ಕಾಲಿಂಚು, ಮನೆಯಿಂದ ದೂರಕ್ಕೆ. 15 ಅಡಿಗೆ ಹೆಚ್ಚುಕಮ್ಮಿ ನಾಲ್ಕಿಂಚು ಇಳೀಬೇಕು. ಕಣ್ಣಿಗೆ ಏನೂ ಕಾಣಲ್ಲ, ಕುರ್ಚಿ ಹಾಕಿ ಕೂತ್ರೂ ಗೊತ್ತಾಗಲ್ಲ, ಆದ್ರೆ ನೀರಿಗೆ ಗೊತ್ತಾಗತ್ತೆ. ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರು ತುಂಬಿದ ಪೈಪು) ಹಿಡಿದು ಗೋಡೆ ಮೇಲೂ ಕಾಂಪೌಂಡ್ ಮೇಲೂ ಗುರುತು ಹಾಕ್ಸಿ, ನೀವೇ ನಿಂತು ಹಾಕ್ಸಿ. ಟ್ಯೂಬಲ್ಲಿ ಗಾಳಿ ಗುಳ್ಳೆ ಇದ್ರೆ ಲೆಕ್ಕ ತಪ್ಪತ್ತೆ ಅನ್ನೋದು ನೆನಪಿರ್ಲಿ. ಮತ್ತೆ ಆ ನಾಲ್ಕಿಂಚು ಇಳಿದ ನೀರು ಎಲ್ಲಿಗೆ ಹೋಗತ್ತೆ? ಕಾಂಪೌಂಡ್ ಗೋಡೆ ಬುಡಕ್ಕೆ ಹೋಗಿ ನಿಂತ್ರೆ ಪಕ್ಕದ ಮನೆಯವ್ರ ಜೊತೆ ಜಗಳ ಗ್ಯಾರಂಟಿ. ಅಲ್ಲೊಂದು ಸಣ್ಣ ಚರಂಡಿ ಇಲ್ಲಾ ಇಂಗುಗುಂಡಿ ಮೊದಲೇ ಯೋಚ್ನೆ ಮಾಡ್ಕೊಳ್ಳಿ.

ಅಗೆಯೋ ಆಳ ಮೇಲಿಂದ ಕೆಳಕ್ಕೆ ಲೆಕ್ಕ ಹಾಕಿ. 60 ಮಿಲಿಮೀಟರ್ ಬ್ಲಾಕು ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಇಂಚು, ಅದರಡಿ ಒಂದೂವರೆ ಇಂಚು ಮರಳು, ಅದರಡಿ ಆರಿಂಚು ಜಲ್ಲಿ ಮತ್ತೆ ಕ್ರಷರ್ ಡಸ್ಟ್ (ಕಲ್ಲಿನ ಪುಡಿ) ಕಲಸಿ ದಿಮ್ಮಿಸಿದ ಹಾಸು. ಒಟ್ಟು ಹತ್ತಿಂಚು. ಜಲ್ಲಿ ಒಂದೇ ಸೈಜಿಂದು ಬೇಡ, ದಪ್ಪ ಸಣ್ಣ ಪುಡಿ ಎಲ್ಲಾ ಸೇರಿದ್ರೇನೇ ಸಂದು ತುಂಬ್ಕೊಂಡು ಗಟ್ಟಿಯಾಗೋದು, ಮೂರಿಂಚು ಮೂರಿಂಚು ಎರಡು ಪದರದಲ್ಲಿ ಹಾಕಿ. ನಿಮ್ಮ 300 ಚದರಡಿಗೆ ಆರಿಂಚು ಅಂದ್ರೆ 150 ಘನ ಅಡಿ, ದಿಮ್ಮಿಸಿದ್ಮೇಲೆ ಅಷ್ಟು ಉಳೀಬೇಕಾದ್ರೆ ಸಡಿಲ ಲೆಕ್ಕದಲ್ಲಿ 190ರ ಹತ್ತಿರ ತರಿಸ್ಬೇಕಾಗತ್ತೆ. ಸಪ್ಲೈ ಮಾಡೋರು 150 ಸಾಕು ಸಾರ್ ಅಂದ್ರೆ, ಆಮೇಲೆ ಕಮ್ಮಿ ಬಿದ್ದಿದ್ದನ್ನ ಮೇಸ್ತ್ರಿ ಮರಳಲ್ಲಿ ತುಂಬ್ತಾನೆ. ಅದೇ ಆಗ್ಬಾರ್ದು. ಮರಳಿನ ಪದರ ಎಲ್ಲಾ ಕಡೆ ಒಂದೇ ದಪ್ಪ ಇರ್ಬೇಕು, ಇಳಿಜಾರನ್ನ ಜಲ್ಲಿ ಹಾಸಿನಲ್ಲೇ ಕೊಟ್ಟಿರ್ಬೇಕು. ಒಂದು ಕಡೆ ಒಂದಿಂಚು ಇನ್ನೊಂದು ಕಡೆ ನಾಲ್ಕಿಂಚು ಮರಳು ಹಾಕಿ ಸ್ಲೋಪ್ ಮಾಡಿದ್ರೆ, ದಪ್ಪ ಇರೋ ಕಡೆ ಮೊದಲು ಕೂರೋದು.

ಮರಳು ಎಳೆಯೋದನ್ನ ನೋಡಿದೀರಾ? ಎರಡು ಜಿಐ ಪೈಪನ್ನ ಹಳಿ ಥರ ಇಟ್ಟು ನಡುವೆ ಮರಳು ಸುರಿದು ಮಟ್ಟಗೋಲಲ್ಲಿ ಹಿಂದಕ್ಕೆ ಎಳ್ಕೊಂಡು ಬರ್ತಾರೆ, ಪೈಪ್ ತೆಗೆದು ಅದಿದ್ದ ತಗ್ಗಿಗೆ ಮರಳು ತುಂಬ್ತಾರೆ, ಆಮೇಲೆ ಅದರ ಮೇಲೆ ಯಾರೂ ಕಾಲಿಡಂಗಿಲ್ಲ. ಹಾಕಿದ ಬ್ಲಾಕ್ ಮೇಲೇ ಕೂತು ಮುಂದಿನ ಸಾಲು ಹಾಕ್ತಾ ಹೋಗ್ಬೇಕು. ಎಲ್ಲಾ ಮುಗಿದ್ಮೇಲೆ ಮೇಲೊಂದು ರಬ್ಬರ್ ಶೀಟ್ ಹಾಸಿ ಮಷೀನ್ ಓಡಿಸಿ, ಒಣ ಸಣ್ಣ ಮರಳು ಚೆಲ್ಲಿ ಕಸಪೊರಕೇಲಿ ಸಂದಿಗೆ ತಳ್ಳಿ, ಮತ್ತೆ ಮಷೀನು, ಮತ್ತೆ ಮರಳು. ಒದ್ದೆ ಮರಳು ಸಂದಿಗೆ ಇಳಿಯಲ್ಲ, ಮೇಲೇ ಕೂತ್ಕೊಂಡು ಮೋಸ ಮಾಡತ್ತೆ. ಒಂದೆರಡು ವಾರ ಬಿಟ್ಟು ಇನ್ನೊಂದ್ಸಲ ಮರಳು ತಳ್ಳಿ.

ಅಂಚು ಮರೀಬೇಡಿ. ಸುತ್ತ ಅಂಚುಗಲ್ಲನ್ನ ಕಾಂಕ್ರೀಟಲ್ಲಿ ಕಚ್ಚಿಸದೇ ಹೋದ್ರೆ ಬ್ಲಾಕುಗಳು ನಿಧಾನಕ್ಕೆ ಹೊರಗಡೆ ಸರೀತವೆ, ಸಂದಿ ಅಗಲ ಆಗತ್ತೆ, ಮರಳು ಖಾಲಿ ಆಗತ್ತೆ, ಆಮೇಲೆ ಅಲ್ಲಾಡೋಕೆ ಶುರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಈ ಕೆಳಗಿನ ಕೆಲಸ ಸರಿಯಾಗಿ ಆದ್ರೆ ಹಳೇ ಬ್ಲಾಕುಗಳನ್ನೇ ಮತ್ತೆ ಹಾಕ್ಬೋದು, ಅವೇನೂ ಕೆಟ್ಟಿರಲ್ಲ, ಮಣ್ಣು ಉಜ್ಜಿ ಒಡೆದಿದ್ದನ್ನ ಬದಲಾಯ್ಸಿ ಸಾಕು. ಕಾರು ನಿಲ್ಲಿಸೋ ಯೋಚ್ನೆ ಇದ್ರೆ ಮಾತ್ರ 80 ಮಿಲಿಮೀಟರಿಂದು ತಗೊಳ್ಳಿ. ಹೊಸದಾಗಿ ತರೋದಾದ್ರೆ ನೆಲಕ್ಕೆ ಹಾಸೋ ಬ್ಲಾಕಿನ ಭಾರತೀಯ ಮಾನಕ ಐಎಸ್ 15658 ಪ್ರಕಾರ ಮಾಡಿದ್ದಾ ಅಂತ ಕೇಳಿ ಟೆಸ್ಟ್ ರಿಪೋರ್ಟ್ ನೋಡಿ, ಎರಡು ಬ್ಲಾಕ್ ಒಂದಕ್ಕೊಂದು ತಟ್ಟಿದ್ರೆ ಟಣ್ ಅನ್ಬೇಕು, ಮೂಲೆ ಪುಡಿ ಉದುರಬಾರ್ದು. ದುಡ್ಡಿದ್ರೆ ಸಾದರಹಳ್ಳಿ ಕಲ್ಲು ನನಗೂ ಇಷ್ಟ. ದೇವನಹಳ್ಳಿ ಕಡೆಯ ಬೂದು ಗ್ರಾನೈಟು ಅದು, ನಮ್ಮ ಹಳೇ ಮನೆಗಳ ಅಂಗಳದಲ್ಲಿ ಇರ್ತಿತ್ತಲ್ಲ ಚಪ್ಪಡಿ, ಆ ಜಾತೀದು. ಎರಡಿಂಚಿಗಿಂತ ತೆಳ್ಳಗಿರೋದು ತಗೋಬೇಡಿ, ಮತ್ತೆ ಪಾಲಿಶ್ ಖಂಡಿತಾ ಬೇಡ, ಒರಟು ಮುಖದ್ದೇ ಇರ್ಲಿ.

ಕಾಂಕ್ರೀಟೂ ಕೆಟ್ಟದ್ದಲ್ಲ, ಆದ್ರೆ ನಾಳೆ ಕೆಳಗಿನ ಪೈಪ್ ಕಟ್ಟಿಕೊಂಡ್ರೆ ಒಡೀಬೇಕು, ಬ್ಲಾಕಾದ್ರೆ ಎತ್ತಿ ವಾಪಸ್ ಇಡ್ಬೋದು. ಹಾಕಿಸೋದೇ ಆದ್ರೆ ನಾಲ್ಕಿಂಚು ದಪ್ಪ, ಎಂಟ್ಹತ್ತು ಅಡಿಗೊಂದು ಜಾಯಿಂಟ್ ಕೊಯ್ಸಿ, ಒಂದಿಂಚು ಆಳಕ್ಕೆ, ಬಿರುಕು ಬಿಡೋದಿದ್ರೆ ಆ ಗೆರೇಲೇ ಬಿಡ್ಲಿ ಅಂತ. ಈಗ ಅಂಗಡೀಲಿ ಸಿಗೋದು ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು, ಅದಕ್ಕೆ ಹತ್ತು ದಿನ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡ್ಬೇಕು, ಬೆಳಗ್ಗೆ ಸಂಜೆ ಪೈಪಲ್ಲಿ ಚಿಮುಕಿಸಿದ್ರೆ ಆಗಲ್ಲ. ಗೋಡೆಗೆ ಬಣ್ಣ ಈಗ್ಲೇ ಹೊಡೆಸ್ಬೇಡಿ, ಮಟ್ಟ ಸರಿ ಮಾಡಿ ಒಂದು ಬೇಸಿಗೆ ಒಣಗೋಕೆ ಬಿಡಿ.

ಪ್ರಶ್ನೆ: ನಮಸ್ಕಾರ್ರೀ, ನಮ್ದು ಹುಬ್ಬಳ್ಳಿ. ಹಿತ್ತಲದಾಗ ಶಹಾಬಾದ್ ಫರಸಿ ಹಾಕ್ಸೇವ್ರಿ. ಬ್ಯಾಸಗ್ಯಾಗ ಸಂದಿ ಬಿಡ್ತಾವು, ಮಳಿಗಾಲದಾಗ ಎದ್ದು ನಿಂದರ್ತಾವು. ಗೌಂಡಿ ಎರಡ ಸಲ ಬಂದು ಸಂದ್ಯಾಗ ಸಿಮೆಂಟ್ ತುಂಬಿ ರೊಕ್ಕಾ ತಗೊಂಡ್ ಹೋದ, ಮತ್ತ ಅದ ಹಾಡು. ಕಲ್ಲು ಖರಾಬ್ ಐತೇನ್ರಿ?

ಉತ್ತರ: ಕಲ್ಲಿನ ತಪ್ಪಲ್ಲ ಬಿಡ್ರಿ, ಎರಿಮಣ್ಣಿಂದು. ಎರೆಮಣ್ಣು ನೀರು ಕುಡಿದ್ರೆ ಉಬ್ಬತ್ತೆ, ಒಣಗಿದ್ರೆ ಕುಗ್ಗಿ ಕೈ ಹೋಗೋಷ್ಟು ಬಿರುಕು ಬಿಡತ್ತೆ, ನಿಮ್ಮ ಹೊಲದಲ್ಲಿ ಬೇಸಿಗೇಲಿ ನೋಡೇ ಇರ್ತೀರಿ. ಹಿತ್ತಲಲ್ಲೂ ಅದೇ ನಡೀತಿದೆ, ಮೇಲೆ ಫರಸಿ ಮುಚ್ಚಿರೋದ್ರಿಂದ ಕಾಣ್ತಿಲ್ಲ ಅಷ್ಟೇ. ಸಂದಿಗೆ ಸಿಮೆಂಟ್ ತುಂಬಿದ್ದು ಇನ್ನೂ ತೊಂದ್ರೆ, ಬಿಡಿ ಬಿಡಿಯಾಗಿ ಏರಿಳಿಯೋ ಕಲ್ಲುಗಳನ್ನ ಒಟ್ಟಿಗೆ ಕಟ್ಟಿಹಾಕಿದಂಗಾಯ್ತು, ಆಗ ಕಲ್ಲೇ ಮುರಿಯತ್ತೆ.

ಸರಿಯಾದ ದಾರಿ ಅಂದ್ರೆ ಎರಡು ಮೂರು ಅಡಿ ಎರಿಮಣ್ಣು ತೆಗೆಸಿ ಗರಸು ಮಣ್ಣು ತುಂಬಿ ಪದರ ಪದರವಾಗಿ ದಿಮ್ಮಿಸೋದು. ಗರಸು ತರಿಸುವಾಗ ಒಂದು ಹಿಡಿ ನೀರಲ್ಲಿ ಕಲಸಿ ನೋಡ್ರಿ, ಜಿಗಟು ಜಿಗಟಾಗಿ ಅಂಟಿದ್ರೆ ಅದರಲ್ಲೂ ಎರಿ ಬೆರೆತಿದೆ ಅಂತ, ಲಾರಿ ವಾಪಸ್ ಕಳಿಸ್ರಿ. ಒಂದು ಬ್ರಾಸ್ ಅಂದ್ರೆ 100 ಘನ ಅಡಿ, 200 ಚದರಡಿ ಹಿತ್ತಲಕ್ಕೆ ಎರಡಡಿ ತುಂಬೋಕೆ ನಾಲ್ಕು ಬ್ರಾಸ್, ದಿಮ್ಮಿಸೋದಕ್ಕೆ ಅಂತ ಮೇಲೊಂದು. ಅಷ್ಟು ಖರ್ಚು ಈಗ ಆಗಲ್ಲ ಅಂದ್ರೆ, ಒಂದಡಿ ಆದ್ರೂ ಗರಸು ಹಾಕಿ, ಮೇಲೆ ಮರಳಿನ ಮೇಲೇ ಫರಸಿ ಕೂಡಿಸಿ ಸಂದಿಗೆ ಬರೀ ಮರಳು ಬಿಡ್ರಿ. ಪೂರ್ತಿ ನಿಲ್ಲಲ್ಲ, ಆದ್ರೆ ಎದ್ದ ಕಲ್ಲನ್ನ ವರ್ಷಕ್ಕೊಮ್ಮೆ ನೀವೇ ಎತ್ತಿ ಕೂಡಿಸ್ಬೋದು, ಗೌಂಡಿ ಬೇಕಾಗಲ್ಲ. ಅದಕ್ಕಿಂತ ಮುಖ್ಯ, ಮಣ್ಣಿನ ತೇವ ಏರುಪೇರು ಆಗದಂಗೆ ನೋಡ್ಕೊಳ್ಳೋದು. ಬಚ್ಚಲ ನೀರು ಒಂದು ಮೂಲೇಲಿ ಇಂಗ್ತಾ ಇದ್ರೆ ಆ ಮೂಲೆ ಮಾತ್ರ ಉಬ್ಬತ್ತೆ. ಛಾವಣಿ ಪೈಪಿನ ನೀರೂ ಅಷ್ಟೇ, ದೂರ ಒಯ್ದು ಬಿಡ್ರಿ.

ಇನ್ನು ಶಹಾಬಾದ್ ಕಲ್ಲಿಗೆ ಬೈಬೇಡ್ರಿ. ಕಲಬುರಗಿ ಜಿಲ್ಲೆ ಶಹಾಬಾದಿನ ಸುಣ್ಣಕಲ್ಲು ಅದು, ಹಾಳೆ ಹಾಳೆಯಾಗಿ ಏಳತ್ತೆ, ಅದಕ್ಕೇ ಅಷ್ಟು ಸಪಾಟು, ಅಷ್ಟು ಸೋವಿ. ಆದ್ರೆ ಸುಣ್ಣಕಲ್ಲಿಗೆ ಹುಳಿ ಕಂಡ್ರಾಗಲ್ಲ. ನಿಂಬೆ, ಹುಣಸೆಹಣ್ಣು, ಬಚ್ಚಲು ತೊಳೆಯೋ ಆಸಿಡ್ ಬಿದ್ರೆ ಮೇಲ್ಮೈ ತಿನ್ಕೊಂಡು ಮಚ್ಚೆ ಬೀಳತ್ತೆ, ಅದು ಉಜ್ಜಿದ್ರೆ ಹೋಗೋ ಕಲೆ ಅಲ್ಲ. ಹಿತ್ತಲಲ್ಲಿ ತಾಮ್ರದ ಹಂಡೆ ಹುಣಸೆಹಣ್ಣಲ್ಲಿ ತಿಕ್ಕೋ ಪದ್ಧತಿ ಇದ್ರೆ ಆ ಜಾಗಕ್ಕೆ ಒಂದು ಗ್ರಾನೈಟ್ ತುಂಡು ಹಾಕ್ಸಿಬಿಡ್ರಿ. ಕಡಪಾ ಕರಿಕಲ್ಲೂ ಇದೇ ಜಾತಿ, ಮೇಲಿಂದ ಹುಬ್ಬಳ್ಳಿ ಏಪ್ರಿಲ್ ಬಿಸಿಲಿಗೆ ಬರಿಗಾಲಲ್ಲಿ ಅದರ ಮೇಲೆ ನಿಲ್ಲೋಕಾಗಲ್ಲ.

ಪ್ರಶ್ನೆ: ಶಿರಸಿ ಹತ್ರ ನಮ್ಮನೆ. ಹಿಂದಿನ ಅಂಗಳಕ್ಕೆ ಟೈಲ್ಸ್ ಹಾಕ್ಸಿದ್ವಿ, ಜುಲೈ ಬಂತು ಅಂದ್ರೆ ಹಾವಸೆ (ಪಾಚಿ). ಹೋದ ಮಳೆಗಾಲದಲ್ಲಿ ನಮ್ಮತ್ತೆ ಜಾರಿ ಬಿದ್ದು ಸೊಂಟ ಹಿಡ್ಕೊಂಡಿದೆ. ಹಾವಸೆ ಬರದೇ ಇರೋ ಕಲ್ಲು ಯಾವುದಾದ್ರೂ ಇದೆಯಾ?

ಉತ್ತರ: ಇಲ್ಲ. ಮಲೆನಾಡಲ್ಲಿ ಹಾವಸೆ ಬರದ ವಸ್ತು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಟೀ ಕೊಟ್ಟು ಕಳಿಸಿ. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ, ನಿಮ್ಮಲ್ಲಿ ಅಷ್ಟಿಲ್ದೇ ಇದ್ರೂ ನಾಲ್ಕು ತಿಂಗಳು ನೆಲ ಒಣಗೋದೇ ಇಲ್ಲ, ಅಡಿಕೆ ಮರದ ನೆರಳು ಬೇರೆ. ಪ್ರಶ್ನೆ ಹಾವಸೆ ಬಂದ್ಮೇಲೂ ಕಾಲು ಹಿಡಿಯತ್ತಾ ಅನ್ನೋದು. ನುಣುಪು ಟೈಲ್ಸ್ ಮೇಲೆ ತೆಳ್ಳಗೆ ಒಂದು ಪರೆ ಬಂದ್ರೂ ಸಾಕು, ಜಾರತ್ತೆ. ಒರಟು ಗ್ರಾನೈಟ್ ಆದ್ರೆ ಹಾವಸೆ ತಗ್ಗಲ್ಲಿ ಕೂರತ್ತೆ, ಉಬ್ಬಿದ ಜಾಗದ ಮೇಲೆ ಪಾದ ಊರತ್ತೆ.

ಪೂರ್ತಿ ಕೀಳೋಕಾಗ್ದೇ ಇದ್ರೆ ಹಿತ್ತಿಲ ಬಾಗಿಲಿಂದ ಬಚ್ಚಲಿಗೋ ಕೊಟ್ಟಿಗೆಗೋ ಅತ್ತೆ ದಿನಾ ಓಡಾಡೋ ದಾರಿ ಒಂದಿರತ್ತಲ್ಲ, ಅದಕ್ಕೆ ಮಾತ್ರ ಮೂರಡಿ ಅಗಲ ಒರಟು ಕಲ್ಲು ಹಾಕಿಸಿ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಒಂದು ಪೈಪ್ ಹಾಕ್ಸಿ. ಹಾವಸೆ ತೆಗೆಯೋಕೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ ಮಳೆ ಬಿಟ್ಟಾಗ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಬ್ರಷ್ಷಲ್ಲಿ ಉಜ್ಜಿ ತೊಳೀರಿ. ಅದರ ಜೊತೆ ಆಸಿಡ್ ಮಾತ್ರ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಉಸಿರುಗಟ್ಟತ್ತೆ. ಆ ನೀರು ಬಾವಿ ಕಡೆಗಾಗ್ಲಿ ಗಿಡದ ಬುಡಕ್ಕಾಗ್ಲಿ ಹರೀಬಾರ್ದು. ಪ್ರೆಷರ್ ಪಂಪ್ ತಂದವ್ರು ಸಂದಿ ಮೇಲೆ ಸೀದಾ ಹಿಡೀಬೇಡಿ, ಹಾವಸೆ ಜೊತೆ ಮರಳೂ ಹೋಗತ್ತೆ. ಹಿಂದೆಲ್ಲ ಮಳೆಗಾಲಕ್ಕೆ ಅಂಗಳದ ಮೇಲೆ ಅಡಿಕೆ ಸೋಗೆ ಹಾಸ್ತಿದ್ರು, ಕೆಸರೂ ಇಲ್ಲ ಜಾರೋದೂ ಕಮ್ಮಿ, ನಿಮ್ಮತ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿರತ್ತೆ, ಕೇಳಿ.

ಪ್ರಶ್ನೆ: ಮಂಗಳೂರಲ್ಲಿ ನಮ್ಮ ಸುತ್ತಮುತ್ತ ಮುರಕಲ್ಲು ಕಮ್ಮಿಗೆ ಸಿಗ್ತದೆ. ಹಿತ್ತಲಿಗೆ ಅದನ್ನೇ ಹಾಸಿದ್ರೆ ಆಗುದಿಲ್ವಾ?

ಉತ್ತರ: ಗೋಡೆಗೆ ಒಳ್ಳೇದು, ನೆಲಕ್ಕೆ ಅಷ್ಟಕ್ಕಷ್ಟೆ. ಕ್ವಾರಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗೋ ಕಲ್ಲು ಅದು, ಗಟ್ಟಿಯಾದ್ಮೇಲೂ ಮೈತುಂಬಾ ತೂತು. ಓಡಾಟಕ್ಕೆ ಸವೀತದೆ, ತೂತಲ್ಲಿ ನೀರು ನಿಂತು ಪಾಚಿ ಹಿಡೀತದೆ, ಮಳೆಗಾಲದಲ್ಲಿ ಬಟ್ಟೆಗೆಲ್ಲ ಕೆಂಪು. ಅಂಚು ಕಟ್ಟೋಕೆ, ಕೂರೋ ಕಟ್ಟೆಗೆ, ಗಿಡದ ಸುತ್ತ ಧಾರಾಳವಾಗಿ ಬಳಸಿ. ನಡೆಯೋ ಜಾಗಕ್ಕೆ ಗ್ರಾನೈಟೋ ಬ್ಲಾಕೋ ಇರ್ಲಿ.

ಪ್ರಶ್ನೆ: ಬೆಂಗಳೂರಲ್ಲಿ 30-40 ಸೈಟು, ಹಿಂದೆ ಉಳಿದಿರೋದೇ 150 ಚದರಡಿ. ಮಣ್ಣು ಕೆಸರು ಯಾಕೆ ಅಂತ ಪೂರ್ತಿ ಮುಚ್ಚಿಸ್ತಿದೀವಿ. ಸರೀನಾ?

ಉತ್ತರ: ಒಂದು ಜೋರು ಮಳೇಲಿ 25 ಮಿಲಿಮೀಟರ್ ಬಿತ್ತು ಅಂದ್ಕೊಳ್ಳಿ, ನಿಮ್ಮ 150 ಚದರಡಿ ಮೇಲೆ ಹತ್ತಿರ ಹತ್ತಿರ 350 ಲೀಟರ್ ನೀರು. ಛಾವಣಿದು ಬೇರೆ ಲೆಕ್ಕ. ಎಲ್ಲಾ ಕಡೆ ಸಿಮೆಂಟ್ ಇದ್ರೆ ಅಷ್ಟೂ ರಸ್ತೆಗೆ, ಅಲ್ಲಿಂದ ಇಳಿಜಾರಲ್ಲಿರೋ ಯಾರದೋ ಮನೆ ಒಳಕ್ಕೆ. ಬ್ಲಾಕ್ ಹಾಕ್ಸಿ, ಕಾಂಪೌಂಡ್ ಉದ್ದಕ್ಕೂ ಒಂದೂವರೆ ಅಡಿ ಮಣ್ಣಿನ ಪಟ್ಟಿ ಬಿಡಿ, ಕರಿಬೇವು ಹಾಕಿ. ಬ್ಲಾಕ್ ಸಂದಿಗೆ ಸಿಮೆಂಟ್ ಮೆತ್ತಿಸಿದ್ರೆ ನೀರು ಇಂಗೋ ದಾರಿ ಮುಚ್ಚಿದಂಗೆ, ಅದು ಬೇಡ. ಮತ್ತೆ ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರ ತಿದ್ದುಪಡಿ ಆದ್ಮೇಲೆ ನಿಮ್ಮಳತೆಯ ಸೈಟಲ್ಲಿ ಹೊಸ ಮನೆ ಕಟ್ಟೋರಿಗೆ ಮಳೆನೀರು ಕೊಯ್ಲು ಕಡ್ಡಾಯ, ಇಂಗುಗುಂಡಿ ಇನ್ನೂ ಮಾಡಿಲ್ಲ ಅಂದ್ರೆ ನೆಲ ಅಗೆದಿರುವಾಗ್ಲೇ ಮಾಡ್ಸಿ ಮುಗಿಸಿ.

ಪ್ರಶ್ನೆ: ಹೊಸ ಪೇವರ್ ಬ್ಲಾಕ್ ಮೇಲೆ ಬಿಳೀ ಪುಡಿ ಬರ್ತಿದೆ, ಅಂಗಡಿಯವ್ರು ಆಸಿಡಲ್ಲಿ ತೊಳೀರಿ ಅಂದ್ರು. (ಹಾಸನ)

ಉತ್ತರ: ಬೇಡ. ಸಿಮೆಂಟಿನ ಸುಣ್ಣ ನೀರಲ್ಲಿ ಕರಗಿ ಮೇಲೆ ಬಂದು ಒಣಗಿ ಬಿಳುಪಾಗೋದು ಅದು, ಬ್ಲಾಕ್ ಕೆಟ್ಟಿದೆ ಅಂತಲ್ಲ. ಒಣ ಬ್ರಷ್ಷಲ್ಲಿ ಉಜ್ಜಿ ಗುಡಿಸಿ, ಒಂದೆರಡು ಮಳೆಗಾಲಕ್ಕೆ ತಾನೇ ಕಮ್ಮಿಯಾಗತ್ತೆ. ಆಸಿಡ್ ಹಾಕಿದ್ರೆ ಪುಡಿ ಜೊತೆ ಬಣ್ಣಾನೂ ಹೋಗತ್ತೆ.

ಪ್ರಶ್ನೆ: ಹಿತ್ತಲಲ್ಲಿ ಎರಡು ತೆಂಗಿನ ಮರ, ಒಂದು ಮಾವು, ಜೊತೆಗೆ ಸೆಪ್ಟಿಕ್ ಟ್ಯಾಂಕ್ ಇದೆ. ಎಲ್ಲಿವರೆಗೂ ಕಲ್ಲು ಹಾಸಬಹುದು? (ದಾವಣಗೆರೆ)

ಉತ್ತರ: ತೆಂಗಿನ ಬೇರು ಸಣ್ಣ ಸಣ್ಣವು, ಕಲ್ಲು ಎತ್ತೋಷ್ಟು ದಪ್ಪ ಆಗಲ್ಲ, ಬುಡದ ಸುತ್ತ ಮೂರಡಿ ಬಿಟ್ರೆ ಸಾಕು, ಅದೂ ನೀರು ಗೊಬ್ಬರಕ್ಕೆ. ಕಾಯಿ ಬೀಳೋ ಜಾಗದಲ್ಲಿ ಮಾತ್ರ ಕುರ್ಚಿ ಟೇಬಲ್ ಹಾಕೋ ಪ್ಲಾನ್ ಬೇಡ. ಮಾವಿನ ಬೇರು ಹಂಗಲ್ಲ, ವರ್ಷಕ್ಕೊಂದಿಷ್ಟು ದಪ್ಪ ಆಗ್ತಾ ಕಲ್ಲನ್ನ ಮೆಲ್ಲಗೆ ಎತ್ತತ್ತೆ, ಆರೇಳು ಅಡಿ ದೂರ ಬಿಡಿ, ಹತ್ತಿರ ಹಾಕಲೇಬೇಕು ಅಂದ್ರೆ ಮರಳಿನ ಮೇಲೆ ಸಡಿಲ ಚಪ್ಪಡಿ ಇಡಿ. ಬೇರು ಕಡಿದು ಜಾಗ ಮಾಡ್ಕೊಳ್ಳೋ ಐಡಿಯಾ ಮೇಸ್ತ್ರಿ ಕೊಟ್ರೆ ಒಪ್ಕೋಬೇಡಿ, ಮುಂದಿನ ಗಾಳಿಮಳೆಗೆ ಮರ ವಾಲತ್ತೆ.

ಸೆಪ್ಟಿಕ್ ಟ್ಯಾಂಕ್ ಸ್ಲ್ಯಾಬ್ ಮೇಲೆ ಜಲ್ಲಿ ಲೋಡ್ ಇಳಿಸೋದಾಗ್ಲಿ ಮಷೀನ್ ಓಡಿಸೋದಾಗ್ಲಿ ಬೇಡ. ಮುಚ್ಚಳಗಳನ್ನ ಹೊಸ ನೆಲದ ಮಟ್ಟಕ್ಕೆ ಎತ್ತರಿಸಿ, ಮೇಲೆ ಹಿಡಿಕೆ ಇರೋ ಕವರ್ ಕೂರಿಸಿ. ಚೆಂದ ಕಾಣಲ್ಲ ಅಂತ ಅದರ ಮೇಲೂ ಕಲ್ಲು ಮುಚ್ಚಿಸಿದವ್ರು, ಟ್ಯಾಂಕ್ ತುಂಬಿ ಗಾಡಿ ಕರೆಸಿದ ದಿನ ಹಿತ್ತಲೆಲ್ಲ ಅಗೆಸಿ ಹುಡುಕಿಸ್ತಾರೆ. ಕಲ್ಲು ಹಾಕೋ ಮುಂಚೆ ಪೈಪು, ಚೇಂಬರು, ಬೋರ್‌ವೆಲ್ ಕೇಬಲ್ಲು ಎಲ್ಲೆಲ್ಲಿ ಹೋಗಿದೆ ಅಂತ ಟೇಪ್ ಪಕ್ಕದಲ್ಲಿಟ್ಟು ಮೊಬೈಲಲ್ಲಿ ಫೋಟೋ ತೆಗ್ದು ಇಟ್ಕೊಳ್ಳಿ, ಮನೇಲಿ ಇನ್ನೊಬ್ರಿಗೂ ಕಳಿಸಿರಿ.